ಅರ್ಧ ಕೊಯ್ತಾ

ಶಿರೋಳದ ಹೊಳಿದಂಡಿಗೆ ಇಪ್ಪತ್ತೆರಡು ಕೋಪಿ.
ಮೂರು ಗಳ, ಒಂದು ಹರಕ ತಾಡಪತ್ರಿ,
ಮ್ಯಾಲೆ ರವದಿ ಹೊಚ್ಚಿದ್ರ ಮನಿ.

ಮುಕ್ಕಾದಮ ಮಂದಿ ಎಣಸೂದಿಲ್ಲ,
ಕೊಯ್ತಾ ಎಣಸ್ತಾನ.
ಕೊಯ್ತಾ ಅಂದ್ರ ಬರೇ ಕುಡಗೋಲಲ್ಲ,
ಗಂಡ ಹೆಂಡತಿ ಕೂಡಿ ಒಂದು.

ಹೋದ ಹಂಗಾಮಿನ ವಹಿಯೊಳಗ
ಸಿದರಾಯ, ತಂಗೆವ್ವ, ಉಮದಿ: ಒಂದು.
ಈ ಸಲ
ತಂಗೆವ್ವ: ಅರ್ಧ.

ನಸುಕಿನ ಥಂಡಿ ಅರ್ಧ ಹತ್ತೂದಿಲ್ಲ.
ತಲಿಮ್ಯಾಲಿನ ಹೊರಿಗೆ
ವಹಿ ಓದಾಕ ಬರೂದಿಲ್ಲ.
ಟ್ರ್ಯಾಕ್ಟರಿಗೆ ಹಚ್ಚಿದ ಹಲಗಿ
ನಾ ಏರಿದ್ರ ಪೂರಾ ಬಾಗತದ.

ರಾತ್ರಿ, ಫ್ಯಾಕ್ಟರಿ ಭೋಂಗಾ ಆದಮ್ಯಾಲೆ
ಹಲ್ಲಿಲೆ ಕಬ್ಬು ಸಿಗೀತ ಮಗಳು ಕೇಳಿದ್ಲು,
ಯವ್ವಾ, ನೀ ಅರ್ಧ ಆದ್ರ
ನಾ ಎಷ್ಟ?

ಕಾಲು, ಅಂದೆ.

ಚಿಮಣಿ ಬೆಳಕಿಗೆ
ರವದಿ ಗೀರಿದ ಪಾದ ಚಾಚಿ
ನೋಡಿಕೊಂಡ್ಲು:
ಯಾವದು? ಎಡದೋ, ಬಲದೋ?