ಪರಭಾಷೆ, ಆರು ಕ್ರೆಡಿಟ್

ಟೊಲೀಡೋದಿಂದ ಮಿಸ್ರಿಯಾ ಮಾತು ಕಳಿಸುತ್ತಾಳೆ,
ಹಿಂದೆ ಬಟ್ಟೆ ಒಗೆಯುವ ಯಂತ್ರ ತಿರುಗುವ ಸದ್ದು:
"ಅಕ್ಕಾ, ನಾನು ಎರಡು ವರ್ಷ ಓದಿದ್ದು ಉಂಟಲ್ಲ,
ಅದನ್ನು ಇಲ್ಲಿಯವರು ತೂಗಿ ನೋಡುತ್ತಾರಂತೆ.
ಒಂದೊಂದು ಪೇಪರಿಗೂ ಎಂತ ಕಲಿಸಿದರು, ಎಷ್ಟು ಗಂಟೆ,
ಎಲ್ಲ ಇಂಗ್ಲಿಷಿನಲ್ಲಿ ಬೇಕು, ಮೊಹರು ಬೇಕು.
ಲಕೋಟೆಯನ್ನು ಮಾತ್ರ ನಾನು ಒಡೆಯಕೂಡದು."

ವಿದ್ಯಾನಗರದ ಕೋರ್ಟಿನ ಎದುರು ನನ್ನ ಡಿಟಿಪಿ ಅಂಗಡಿ.
ಬಾಡಿಗೆ ಕರಾರು, ವಾರಸುದಾರರ ಪಟ್ಟಿ,
ಹೆಸರು ತಪ್ಪಿದ ರೇಷನ್ ಕಾರ್ಡಿಗೆ ಅರ್ಜಿ.
ಮಲಯಾಳದಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ
ಪುಟಕ್ಕೆ ಎಂಬತ್ತು, ತುರ್ತಿದ್ದರೆ ನೂರು.
ಕಾಲೇಜಿನಲ್ಲಿ ಅವಳು ನನಗಿಂತ ಒಂದು ವರ್ಷ ಕೆಳಗೆ;
ಮೂರನೆಯ ವರ್ಷದ ಫೀಸು ಕಟ್ಟುವ ವಾರವೇ ನಿಕಾಹ್ ಆಯಿತು.

ಸಿಲೆಬಸ್ ಹುಡುಕಿ ಕಣ್ಣೂರಿಗೆ ಎರಡು ಸಲ ಹೋದೆ.
ಮೊದಲ ಸಲ ಸಾಹೇಬರಿಗೆ ರಜೆ.
ಎರಡನೆಯ ಸಲ ಸಿಕ್ಕಿತು, ಗೆದ್ದಲು ತಿಂದು ಬಿಟ್ಟ ಪುಸ್ತಿಕೆ:
ಛಂದಸ್ಸು ಪೂರಾ ಇತ್ತು,
ಅಲಂಕಾರ ಉಪಮೆಯ ತನಕ.

ಮೂರು ಮಾತ್ರೆ, ನಾಲ್ಕು ಮಾತ್ರೆ,
ಮತ್ತೆ ಮೂರು, ಮತ್ತೆ ನಾಲ್ಕು.
ಭಾಮಿನಿಯ ನಡೆ ಅದು.
ಕಂಪ್ಯೂಟರು ಟ್ಯಾಬ್ಲೆಟ್ ಎಂದು ತರ್ಜುಮೆ ಮಾಡಿತು,
ನಾನು ನೋಡದೆ ಕಳಿಸಿದೆ.
ಅಲ್ಲಿಂದ ಕೇಳಿದರು: ಇದು ಔಷಧಶಾಸ್ತ್ರವೇ?
ಪ್ರಯೋಗಾಲಯದಲ್ಲಿ ಎಷ್ಟು ಗಂಟೆ?
ನಕ್ಕು ನಕ್ಕು ಮಿಸ್ರಿಯಾಳಿಗೆ ಕೆಮ್ಮು ಬಂತು.
"ಹೌದು ಅಂತ ಬರೆದುಬಿಡುವ ಅಕ್ಕಾ,
ಲ್ಯಾಬಿಗೆ ಒಂದು ಜಾಸ್ತಿ ಕೊಡುತ್ತಾರೆ."

ಕೊನೆಗೆ ಬಂದ ಲೆಕ್ಕ:
ಚರಿತ್ರೆಗೆ ಮೂರು.
ಇಂಗ್ಲಿಷಿಗೆ ಸೊನ್ನೆ, ಅದನ್ನು ಅವರೇ ಹೊಸತಾಗಿ ಕಲಿಸುತ್ತಾರಂತೆ.
ಕನ್ನಡ, ಪರಭಾಷೆ ಎಂಬ ಖಾನೆಯಲ್ಲಿ, ಆರು.
ಶರತ್ತು ಒಂದೇ: ಅದು ಹುಟ್ಟುಭಾಷೆ ಆಗಿರಬಾರದು,
ಮನೆಯ ಹಿರಿಯರು ಪ್ರಮಾಣ ಮಾಡಿ ಹೇಳಬೇಕು.
ತಾಯಿ ಪುಕ್ಕಟೆ ಕೊಟ್ಟದ್ದಕ್ಕೆ ಅಲ್ಲಿ ಅಂಕ ಇಲ್ಲ.

ಈ ಊರನ್ನೂ ಒಂದು ನವೆಂಬರಿನಲ್ಲಿ ವರ್ಗ ಮಾಡಿದ್ದರು,
ನಾನು ಹುಟ್ಟುವ ಎಷ್ಟೋ ಮೊದಲು.
ಯಾವುದನ್ನು ಹಿಡಿದರು, ಯಾವುದನ್ನು ಬಿಟ್ಟರು
ಎಂಬ ಪಟ್ಟಿ ಯಾರ ಕೈಗೂ ಬರಲಿಲ್ಲ.

ಮೊಗ್ರಾಲಿನಿಂದ ಅವಳ ಅಪ್ಪ ಬಂದರು, ಮೊಯ್ದುಂಞಿಚ್ಚ,
ಕೊಡೆಯನ್ನು ಕಾಲಿನ ನಡುವೆ ಇರುಕಿ ಕೂತರು.
ನಾನು ಟೈಪು ಮಾಡಿ ಓದಿ ಹೇಳಿದೆ:
"ನಮ್ಮ ಮನೆಯ ಮಾತು ಮಲಯಾಳ.
ಕನ್ನಡ ನನ್ನ ಮಗಳ ಮಾತೃಭಾಷೆ ಅಲ್ಲ."
ಓದುವಾಗ 'ಅಲ್ಲ'ದ ಹತ್ತಿರ
ನನ್ನ ಸ್ವರ ಯಾಕೋ ತಗ್ಗಿತು.
ಅವರಿಗೆ ಗೊತ್ತಾಯಿತು.
"ಸುಳ್ಳೇನೂ ಅಲ್ಲವಲ್ಲ ಮೋಳೇ, ಹಾಕು" ಎಂದರು.

ಸುಳ್ಳಲ್ಲ.
ನನ್ನನ್ನು ಕೇಳಿದರೂ ಅದನ್ನೇ ಹೇಳಬೇಕು.
ನನ್ನ ಅಮ್ಮ ಬೈಯುವುದು ಮರಾಟಿಯಲ್ಲಿ,
ಅಪ್ಪ ಸಾಲ ಕೇಳುತ್ತಿದ್ದದ್ದು ತುಳುವಿನಲ್ಲಿ,
ಕರೆಂಟು ಬಿಲ್ಲು ಬರುವುದು ಮಲಯಾಳದಲ್ಲಿ.
ಹಾಗಾದರೆ ಇಷ್ಟು ವರ್ಷ ನಾನು ಯಾವುದರಲ್ಲಿ
ಒಬ್ಬಳೇ ಕೂತು ಯೋಚನೆ ಮಾಡಿದ್ದು?
ಅದಕ್ಕೆ ಖಾನೆ ಇಲ್ಲ.

ಮೊಯ್ದುಂಞಿಚ್ಚ ಕನ್ನಡಕ ಏರಿಸಿ
ನಾನು ತೋರಿಸಿದ ಗೆರೆಯ ಮೇಲೆ, ನಿಧಾನಕ್ಕೆ,
ಮೊ ಬರೆದು ನಿಲ್ಲಿಸಿ, ಯ್ದು ಬರೆದು ಕೈ ಕೊಡವಿ,
ಪೂರ್ತಿ ಹೆಸರನ್ನು ಕನ್ನಡದಲ್ಲಿ ಸಹಿ ಹಾಕಿದರು.
ಐದನೆಯ ಕ್ಲಾಸಿನ ತನಕ ಕಲಿತ ಅಕ್ಷರ.
ಬೇರೆ ಅಕ್ಷರದಲ್ಲಿ ಸಹಿ ಅವರಿಗೆ ಬರುವುದಿಲ್ಲ.
ನೋಟರಿ ಒಮ್ಮೆ ಕಾಗದ ನೋಡಿದರು,
ಒಮ್ಮೆ ಅವರನ್ನು.
ಮೊಹರು ಒತ್ತಿದರು.

ತಿಂಗಳು ಕಳೆದು ಒಂದು ರಾತ್ರಿ ಫೋನು ಮಿನುಗಿತು.
ಈ ಸಲ ಮಾತಲ್ಲ, ಬರಹ,
ಕೀಲಿಮಣೆಯಲ್ಲಿ ತಡಕಿ ತಡಕಿ ಹೊಡೆದದ್ದು:

ಅಕ್ಕಾ
ಸಿಕ್ಕಿತು
ಲೆಕ್ಕಕ್ಕೆ ಬಂತು

ಎರಡನೆಯ ಅಕ್ಷರ ಮೂರು ಸಾಲಿನಲ್ಲೂ ಒಂದೇ.
ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.
ಬಿಲ್ಲು ಮಾತ್ರ ಕಳಿಸಿದೆ: ಹದಿನಾಲ್ಕು ಪುಟ,
ಒಂದು ಅಫಿದವಿತ್ತು,
ಮುದ್ರಾಪತ್ರದ ಖರ್ಚು ಬೇರೆ.