ಐಸ್ ಗಾಡಿ

ಕಲಾಸಿಪಾಳ್ಯದ ಹಿಂದೆ, ಮುಚ್ಚಿದ ಐಸ್ ಫ್ಯಾಕ್ಟರಿಯ ಅಂಗಳದಲ್ಲಿ
ಮೂವತ್ತೊಂದು ವರ್ಷ ನಿಂತಲ್ಲೇ ನಿಂತಿತ್ತು
ಫಾರ್ಗೋ ಪಿಕಪ್ಪು, ಐವತ್ತೊಂದರ ಮಾಡಲ್ಲು,
ಬಾನೆಟ್ಟಿನ ಸಂದಿಯಿಂದ ಎದೆಯೆತ್ತರ ಅರಳಿ.
ಗುಜರಿಯ ತೂಕಕ್ಕೆ ಕೊಂಡೆ.
ಯಾಕೆ ಎಂದು ಕೇಳಿದವರಿಗೆ ತೂಕ ಹೇಳಿದೆ.
ಗಿಡ ಕಡಿಯಹೋದರೆ ವಾಚ್‌ಮನ್ ತಿಮ್ಮರಾಯಿ ಅಡ್ಡ ಬಂದ:
"ಅರಳಿ ಕಣಮ್ಮಾ, ಪಾಪ ಸುತ್ಕೊಳ್ತದೆ."
ಕೊನೆಗೆ ಅವನೇ ಬೇರು ಬಿಡಿಸಿ, ಬಣ್ಣದ ಡಬ್ಬಕ್ಕೆ ನೆಟ್ಟು
ಗೇಟಿನ ಪಕ್ಕ ಇಟ್ಟ. ಗಾಡಿಗೆ ಕೈ ಹಚ್ಚಿದ್ದು ಆಮೇಲೆ.

ನಾನು ಲೇತಿನವಳು. ಶ್ರೀರಾಮಪುರದಲ್ಲಿ
ಒಂದೇ ಬಾಗಿಲ ವರ್ಕ್‌ಶಾಪು.
ತಿರುಗುವ ಕಬ್ಬಿಣದ ದನಿ ಕೇಳಿ ರೋಗ ಹೇಳಬಲ್ಲೆ;
ತಿರುಗದ್ದಕ್ಕೆ ಏನು ಹೇಳಲಿ?
ಕ್ರ್ಯಾಂಕು ಹಾಕಿ ಇಬ್ಬರು ಜೋತುಬಿದ್ದರೂ
ಬಂಡೆಗೆ ಹೆಗಲು ಕೊಟ್ಟ ಹಾಗೆ.

ಜೆ.ಸಿ. ರಸ್ತೆಯಿಂದ ಪ್ಯಾರೇಜಾನ್ ಸಾಬರು ಬಂದರು.
ನಡುಗುವ ಕೈ; ಸ್ಪ್ಯಾನರು ಹಿಡಿದರೆ ಮಾತ್ರ ನಿಲ್ಲುತ್ತದೆ.
ಆರೂ ಪ್ಲಗ್ಗು ಬಿಚ್ಚಿ, ಆರು ಬಾಯಿಗೂ
ಹರಳೆಣ್ಣೆ, ಸೀಮೆಎಣ್ಣೆ ಬೆರೆಸಿ ಹೊಯ್ದು
"ಎಂಟು ದಿನ ಮುಟ್ಟಬೇಡಮ್ಮ. ಬಾಣಂತಿ ಅದು" ಅಂದರು.
ಎಂಟು ದಿನ ಮುಟ್ಟಲಿಲ್ಲ.
(ಒಮ್ಮೆ ಮುಟ್ಟಿದೆ. ಬಾನೆಟ್ಟನ್ನು. ರಾತ್ರಿ.)

ಒಂಬತ್ತನೆಯ ದಿನ ಕ್ರ್ಯಾಂಕು ಕಾಲಂಗುಲ ಸರಿಯಿತು.
ಏರ್ ಫಿಲ್ಟರಿನಲ್ಲಿ ಇಲಿಗೂಡು: ಗೋಣಿನಾರು,
ಲಾಟರಿ ಚೀಟಿಯ ಚೂರು, ಯಾರಿಗೂ ಬಾರದ ಬಹುಮಾನ.
ಅಲ್ಲಾಡಿಸಿದರೆ ಟ್ಯಾಂಕು ಗಿಲಕಿ.
ಅದನ್ನು ಬಿಟ್ಟು, ನೀರಿನ ಬಾಟಲಿಗೆ ಪೆಟ್ರೋಲು ತುಂಬಿ
ತಲೆಕೆಳಗೆ ಕಟ್ಟಿ, ಗ್ಲೂಕೋಸ್ ಏರಿಸಿದಂತೆ ನಳಿಗೆ ಬಿಟ್ಟೆವು.
ಪಾಯಿಂಟು ಉಜ್ಜಲು ಕಾಗದ ಬೇಕೆಂದಾಗ
ಸಾಬರು ಜೇಬಿನಿಂದ ಗರಿಗರಿ ಹತ್ತರ ನೋಟು ತೆಗೆದರು.

ಮೊದಲು ಕೆಮ್ಮು. ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ಸೈಲೆನ್ಸರಿನಿಂದ ಮಸಿ, ಒಣಗಿದೆಲೆ, ಜಿರಳೆಯ ರೆಕ್ಕೆ,
ಎಲ್ಲ ತಿಮ್ಮರಾಯಿಯ ಬಿಳಿ ಪಂಚೆಯ ಮೇಲೆ.
ಆರರಲ್ಲಿ ನಾಲ್ಕು ಹಿಡಿದವು. ಐದನೆಯದು ಸೇರಿತು.
ಆರನೆಯದು ಇನ್ನೂ ಯೋಚನೆ ಮಾಡುತ್ತಿತ್ತು.
ಸಾಬರು ಕಿವಿ ಮುಚ್ಚಿಕೊಳ್ಳಲಿಲ್ಲ,
ಕಣ್ಣು ಮುಚ್ಚಿಕೊಂಡರು.

ಬ್ರೇಕು ಅರ್ಧ ನಂಬಿಕೆ, ಅರ್ಧ ಹ್ಯಾಂಡ್‌ಬ್ರೇಕು;
ಅದಕ್ಕೇ ಹೊರಟದ್ದು ಬೆಳಗಿನ ಜಾವ ಮೂರೂವರೆಗೆ.
ಹಾರನ್ನಿಲ್ಲ. ಸಾಬರ ಮೊಮ್ಮಗಳು ಸುಗರಾ
ಬಾಗಿಲ ತಗಡು ಬಡಿಯುತ್ತಾ ಪಕ್ಕದಲ್ಲಿ ಕೂತಳು.
ಮಾರ್ಕೆಟ್ಟಿನ ಬಳಿ, ಚೆಂಡುಹೂವಿನ ಮೂಟೆಗಳ ಮೇಲಿಂದ
ಹೆಂಗಸೊಬ್ಬಳು ಕೈ ಅಡ್ಡ ಹಾಕಿದಳು.
ನಿಲ್ಲಿಸಲು ನಲವತ್ತಡಿ ಬೇಕಾಯಿತು ನನಗೆ.
ಓಡಿಬಂದವಳು ಗಾಡಿಯ ವಯಸ್ಸು ಕೇಳಲಿಲ್ಲ, ಫೋಟೋ ತೆಗೆಯಲಿಲ್ಲ.
"ಓಕಳಿಪುರಕ್ಕೆ ಎಷ್ಟಕ್ಕೆ ಬರ್ತೀಯ?"
ನನಗೆ ಬಾಯೇ ಬರಲಿಲ್ಲ. ಸುಗರಾ "ಇನ್ನೂರು" ಅಂದಳು.
"ನೂರೈವತ್ತು" ಅನ್ನುತ್ತಲೇ ಮೂಟೆ ಎಸೆದಾಗಿತ್ತು.

ಒದ್ದೆ ಹೂವು. ಹಿಂದಿನ ಹಲಗೆಗಳ ಸಂದಿಯಲ್ಲಿ
ಐಸಿನ ಕಾಲದ ಮರದ ಹೊಟ್ಟು ಇನ್ನೂ ಇತ್ತು,
ಸವಳು ಕುಡಿದು ಕಪ್ಪಾದದ್ದು. ಅದು ನೆನೆಯಿತು.
ಕಾಟನ್‌ಪೇಟೆಯುದ್ದ ಹನಿಹನಿ ಸುರಿಸುತ್ತಾ ಹೋದೆವು.
ಹಿಂದೆಯೂ ಹೀಗೇ ಹೋಗುತ್ತಿತ್ತಂತೆ, ತಿಮ್ಮರಾಯಿಯ ಮಾತು,
ಬೇಸಿಗೆಯಲ್ಲಿ ಹನಿ ನೆಕ್ಕುತ್ತಾ ನಾಯಿಗಳು ಬೆನ್ನು ಹತ್ತುತ್ತಿದ್ದವಂತೆ.
ಒಂದು ನಾಯಿ ಬಂತು. ಮೂಸಿತು.
ಹೂವಿನ ನೀರು; ವಾಪಸು ಹೋಯಿತು.

ಹೂವಿನವಳು ಹತ್ತು ಕಡಿಮೆ ಕೊಟ್ಟು ಇಳಿದಳು.
ಅಂಡರ್‌ಪಾಸಿನ ಏರಿನಲ್ಲಿ ಗೇರು ಜಾರಿ ಜಾರಿ ಬಿತ್ತು.
ಮೇಲೆ ರೈಲು ಹೋಗುವಾಗ ಎಂಜಿನ್ನು ಕೇಳಿಸದೆ
ಸತ್ತೇಹೋಯಿತು ಅಂದುಕೊಂಡೆ.
ಅಂಗಾಲಿಗೆ ನಡುಕ ತಾಗುತ್ತಿತ್ತು. ಅದನ್ನೇ ನಂಬಿದೆ.

ಮನೆ ಮುಂದೆ ಕೀಲಿ ತಿರುವಿ, ತೆಗೆದು, ಅಂಗೈಯಲ್ಲಿಟ್ಟುಕೊಂಡೆ.
ಗಾಡಿ ನಿಲ್ಲಲಿಲ್ಲ.
ಒಳಗಿನ ಕಾದ ಮಸಿಗೆ ತಾನೇ ಹೊತ್ತಿಕೊಳ್ಳುತ್ತಾ
ಗಡಗಡ, ಗಡ, ಗಡಗಡ.
ಎದುರುಮನೆ ಪರಿಮಳಮ್ಮ ದೀಪ ಹಾಕಿ ಕೂಗಿದರು:
"ಆರಿಸ್ರೀ ಅದನ್ನ!"
"ಆರಿಸಿದೀನಿ" ಅಂದೆ.

ಆರನೆಯದೂ ಈಗ ಹಿಡಿದಿತ್ತು.