ಇನ್ನೂ ಅಲ್ಲ

ಬರ್ನಿ ಬಂದರಿನ ಹಿಂದೆ, ತಗಡು ಹೊದೆಸಿದ ವರ್ಕ್‌ಶಾಪಿನಲ್ಲಿ
ನನ್ನ ಕೈಯಲ್ಲಿ ನಲವತ್ತೊಂದು ಚೌಕಗಳ ಪಟ್ಟಿ.
ಒಂದೊಂದರ ಮುಂದೂ ಎರಡೇ ಮಾತು:
'ಸಮರ್ಥ', ಇಲ್ಲವೇ 'ಇನ್ನೂ ಅಲ್ಲ'.
ಫೇಲು ಎಂಬ ಪದ ಬಿಟ್ಟು
ನಮಗೆ ಹನ್ನೆರಡು ವರ್ಷವಾಯಿತು.

ಟೆಗನ್ ಮುಖಕವಚ ಇಳಿಸುತ್ತಾಳೆ.
ಎದುರಿಗೆ ಬೀಡು ಕಬ್ಬಿಣದ ಒಲೆಗಾಲು,
ಯಾರದೋ ಅಜ್ಜಿಯ ಅಡುಗೆಮನೆಯದು, ನಡುವೆ ಬಿರುಕು.
ಕಾಯಿಸಿದಳು, ಎಳೆದಳು.
ಬೆಸುಗೆ ಮೀನಿನ ಹುರುಪೆಯಂತೆ
ಒಂದರ ಮೇಲೊಂದು ಒರಗಿ ಕೂತಿದೆ.
ಕೈಗುಣ ಅಂದರೆ ಇದು.
ಟಿಕ್ಕು, ಟಿಕ್ಕು, ಟಿಕ್ಕು.

'ಮೊದಲು ಕಾಯಿಸಿದೆಯಲ್ಲ, ಯಾಕೆ?'
'ಪಟ್ಟಿಯಲ್ಲಿ ಏಳನೆಯದು,' ಎಂದಳು.
ಸುಳ್ಳಲ್ಲ. 'ಯಾಕೆ'ಗೆ ಅಲ್ಲಿ ಚೌಕವಿಲ್ಲ.
ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಪಕ್ಕದ ಬೆಂಚಿನ ಹ್ಯಾಮಿಶ್ ಓಡ್ಲಮ್
ಕೇಳದೇ ಶುರುಮಾಡಿದ:
ಬೀಡಿನೊಳಗೆ ಇಂಗಾಲ ಚೂರು ಚೂರು ಪದರವಾಗಿ ಮಲಗಿರುತ್ತದೆ,
ಒಂದು ಮಗ್ಗುಲು ಬೇಗ ಆರಿ ಕುಗ್ಗಿದರೆ
ಇನ್ನೊಂದು ಮಗ್ಗುಲು ಜಗ್ಗುತ್ತದೆ,
ತನ್ನನ್ನು ತಾನೇ ಹರಿದುಕೊಳ್ಳುತ್ತದೆ.
ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೇ ತೋರಿಸಿದ.
ಅವನ ಬೆಸುಗೆ ಮಾತ್ರ
ಕಡಲಹಕ್ಕಿ ಹಿಕ್ಕೆ ಹಾಕಿದ ಹಾಗೆ.

ಜುಲೈ ತಿಂಗಳು. ದಕ್ಷಿಣದ ಗಾಳಿ
ಮಂಜುಗಡ್ಡೆಯ ಕಡೆಯಿಂದಲೇ ಬರುವಂಥದ್ದು.
ಟೆಗನ್ ಕಾಲನ್ನು ಇಕ್ಕಳದಲ್ಲಿ ಎತ್ತಿ
ಬಾಗಿಲ ಹತ್ತಿರದ ಕಾಂಕ್ರೀಟಿನ ಮೇಲಿಟ್ಟಳು.
'ತಣಿಯಲು ಬಿಡಿ', ಮೂವತ್ತೆಂಟನೆಯ ಚೌಕ.
'ಅಲ್ಲಿ ಬೇಡ' ಎಂದು ಹ್ಯಾಮಿಶ್ ಕೂಗುವುದಕ್ಕೂ
ಟಣ್ ಎನ್ನುವುದಕ್ಕೂ ಸರಿಹೋಯಿತು.

ಒಡೆದದ್ದು ಬೆಸುಗೆಯಲ್ಲ,
ಅದರ ಪಕ್ಕ, ಕೂದಲೆಳೆಯಷ್ಟು ದೂರದಲ್ಲಿ.

ನಾನು ನಕ್ಕಿಲ್ಲ. ನಗುವ ಹಕ್ಕು ನನಗಿಲ್ಲ.
ಇಪ್ಪತ್ತಾರು ವರ್ಷ ಬೀಡನ್ನು ಬಿಸಿಬೂದಿಯಲ್ಲಿ ಹೂತವನು ನಾನು,
ಮುದುಕ ಹೋರಸ್ ಪಿಟ್ ಹೇಳಿದ್ದನೆಂದು:
'ಕೂಸಿಗೆ ಹೊದಿಸಿದ ಹಾಗೆ ಹೊದಿಸು,
ಬೆಳಗಿನ ತನಕ ಮುಟ್ಟಬೇಡ.'
ಯಾಕೆಂದು ನಾನು ಕೇಳಲಿಲ್ಲ.
ಕೇಳಿದ್ದರೆ ಅವನು ಸುತ್ತಿಗೆ ಎಸೆಯುತ್ತಿದ್ದ,
ಅವನಿಗೂ ಗೊತ್ತಿರಲಿಲ್ಲ, ಈಗ ಅನಿಸುತ್ತದೆ.
ಆದರೂ ಅವನು ಬೆಸೆದದ್ದು ಒಂದೂ ಒಡೆಯಲಿಲ್ಲ.
ಇದನ್ನು ಯಾವ ಚೌಕದಲ್ಲಿ ಬರೆಯಲಿ?

ಟೆಗನ್ ಸೀಮೆಸುಣ್ಣದ ಚಿತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ.
'ಇನ್ನೊಂದು ಸಲ ಹೇಳೋ. ನಿಧಾನ.'
ಅವನು ಹೇಳುತ್ತಾನೆ, ಹೇಳುತ್ತಲೇ
ಅವಳ ಮಣಿಕಟ್ಟನ್ನು ಕಳ್ಳಗಣ್ಣಲ್ಲಿ ನೋಡುತ್ತಾನೆ,
ಅದು ಗಾಳಿಯಲ್ಲೇ ಬೆಸುಗೆ ಎಳೆಯುತ್ತಿದೆ,
ಅವಳಿಗೇ ಅರಿವಿಲ್ಲದೆ.

ಐದು ಗಂಟೆಗೆ ಕಸ ಗುಡಿಸಲು ಬಂದ ಮೌರೀನ್‌ಗೆ ಹೇಳಿದೆ:
ಇದಿಷ್ಟು ನೆಲ ಬಿಡು, ನಾಳೆಯ ತನಕ.
ಪಟ್ಟಿಯ ತಳದಲ್ಲಿ ನನ್ನ ಸಹಿಯ ಜಾಗ ಖಾಲಿ.
ಪೆನ್ನಿನ ಶಾಯಿ ಚಳಿಗೆ ಇಳಿಯುತ್ತಿಲ್ಲ,
ಹಾಗಂತ ಹೇಳಿದೆ ಆಫೀಸಿನಲ್ಲಿ.